ಹಲೋಗಿಂತ ಆರು ಪದ ಹೆಚ್ಚು

ಜನವರಿ 13, ಶುಕ್ರವಾರ

ಆಟಗಾರರನ್ನು ಹುಡುಕುತ್ತಾ ಈ ವಾರ ಹೊಕ್ಕ ನಾಲ್ಕನೇ ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ಜಿಮ್. ಹಾರ್ಲನ್ ಕ್ರೀಕ್. ಇಂಡಿಯಾನಾದ ಎಲ್ಲ ಊರುಗಳ ಹಾಗೆ ಜಿಮ್ ದೊಡ್ಡದು, ಊರು ಚಿಕ್ಕದು. ಅದೇ ಪಾಪ್‌ಕಾರ್ನ್ ವಾಸನೆ, ಅದೇ ಮರದ ಮೆಟ್ಟಿಲು, ಅದೇ ಸೊಂಟನೋವು.

ಹನ್ನೊಂದನೇ ನಂಬರಿನ ಹುಡುಗ. ಕ್ವಿನ್ಸಿ ಓಡಮ್, ಗಾರ್ಡ್ — ಚೆಂಡು ನಡೆಸಿ ಹಂಚುವವನು. ಅಚ್ಚಾದ ಪಟ್ಟಿಯಲ್ಲಿ ಆರಡಿ. ಬಾಗಿಲ ಪಕ್ಕ ನಿಂತಾಗ ನೋಡಿದೆ — ಐದಡಿ ಹತ್ತಿಂಚು. ಗಾರ್ಡುಗಳ ಎತ್ತರದಲ್ಲಿ ಎರಡಿಂಚು ಮಾಮೂಲು. ಯಾರೂ ಅದನ್ನು ಸುಳ್ಳು ಎನ್ನುವುದಿಲ್ಲ. ಆದರೆ ಚೆಂಡು ಯಾರ ಕೈಗೆ ಹೋಗಬೇಕೆಂದು ಇವನಿಗೆ ಎಲ್ಲರಿಗಿಂತ ಒಂದು ಕ್ಷಣ ಮೊದಲೇ ಗೊತ್ತಿರುತ್ತದೆ. ಅದು ಕಲಿಸಿ ಬರುವಂಥದ್ದಲ್ಲ.

ನಾನು ಸಹಾಯಕ ಕೋಚ್ ಆಗಿರುವ ಕಾಲೇಜಿನ ಇಬ್ಬರು ಗಾರ್ಡುಗಳಲ್ಲಿ ಒಬ್ಬ ಮೇ ತಿಂಗಳಿಗೆ ಓದು ಮುಗಿಸುತ್ತಾನೆ. ಹೆಡ್ ಕೋಚ್ ಸ್ಟ್ರೂಪ್ ಸೋಮವಾರ ಅಂದಿದ್ದು: "ವೆಂಡೆಲ್, ಏಪ್ರಿಲ್‌ನಲ್ಲಿ ಒಬ್ಬ ಗಾರ್ಡ್ ಸಹಿ ಹಾಕಿರ್ಬೇಕು. ಇಲ್ಲಾಂದ್ರೆ ನಿನ್ನ ಕಾಂಟ್ರಾಕ್ಟಿಗೂ ಸಹಿ ಬೀಳಲ್ಲ." ಬೇಗಲ್ ತಿನ್ನುತ್ತಾ ಹೇಳಿದ. ಅಗಿಯುವುದನ್ನು ನಿಲ್ಲಿಸಲೂ ಇಲ್ಲ.

ಜನವರಿ 15

ಕಾಲೇಜು ಕ್ರೀಡಾ ನಿಯಮದ ಪ್ರಕಾರ ಈಗ ನಡೆಯುತ್ತಿರುವುದು ಕೋಚುಗಳು ಬರೀ ನೋಡುವ ಅವಧಿ. ಫೋನ್ ಮಾಡಬಹುದು, ಆಟ ನೋಡಬಹುದು. ಹುಡುಗನಾಗಲಿ ಮನೆಯವರಾಗಲಿ ಎದುರಾದರೆ "ಹಲೋ" ಅನ್ನಬಹುದು. ಅಷ್ಟೇ. ನಡೆಯುತ್ತಲೇ ಅನ್ನಬೇಕು.

ಫೋನ್ ಮಾಡಿದೆ. ಹುಡುಗ — ಹೌದು ಸಾರ್, ಇಲ್ಲ ಸಾರ್, ಹೌದು ಸಾರ್. ಆಮೇಲೆ ಅಜ್ಜಿ ಫೋನ್ ಕಿತ್ತುಕೊಂಡಳು. ಲೂಯೆಲ್ಲಾ ಓಡಮ್, ಅವನನ್ನು ಸಾಕಿದವಳು.

"ನೀನು ಎಷ್ಟನೇ ಕೋಚಪ್ಪ?"

ಗೊತ್ತಿಲ್ಲ ಅಂದೆ.

"ಒಂಬತ್ತನೇವ್ನು. ಎಲ್ರೂ ಚೆನ್ನಾಗೇ ಮಾತಾಡ್ತೀರಿ. ಅದೇ ನಂಗೆ ಭಯ."

ಜನವರಿ 21, ಶನಿವಾರ, ಸಂಜೆ 5

ಮಧ್ಯಾಹ್ನ ಹಾರ್ಲನ್ ಕ್ರೀಕ್‌ನಲ್ಲಿ ಮತ್ತೆ ಆಟ. ಹೊರಗೆ ಹಿಮ. ಮುಗಿದ ಮೇಲೆ ನೇರ ಹೈವೇ ಹಿಡಿಯಬೇಕಿತ್ತು. ಹುಡುಗನ ಮನೆಯ ಬೀದಿಗೆ ತಿರುಗಿದೆ. ಮನೆ ಮುಂದೆ ಚೆಂಡು ಹಾಕುವ ಹೂಪ್ ಇದೆಯೇ ನೋಡಲು, ಎಂದು ಆಗ ಅಂದುಕೊಂಡೆ. ಈಗ ಅಷ್ಟು ಖಚಿತವಿಲ್ಲ.

ಹೂಪ್ ಇದೆ. ಅದನ್ನು ನೋಡುತ್ತಾ ಕಾರನ್ನು ಅವರ ಗೇಟಿನೆದುರಿನ ಚರಂಡಿಗೆ ಇಳಿಸಿದೆ.

ಹುಡುಗ ಸಲಿಕೆ ಹಿಡಿದು ಬಂದ. "ಹಲೋ," ಅಂದೆ. ನಡೆಯುತ್ತಲೇ ಅನ್ನಬೇಕಲ್ಲ, ಕಾರಿನ ಸುತ್ತ ನಡೆದೆ. ಅವನು ಕಾದ. ಇನ್ನೊಂದು ಸುತ್ತು ನಡೆದೆ.

ಅಜ್ಜಿ ಜಗಲಿಯಿಂದ: "ಅವನಿಗೇನಾಗಿದ್ಯೋ?"

"ಗೊತ್ತಿಲ್ಲಜ್ಜಿ. ಹಲೋ ಅಂತಾರೆ, ಸುತ್ತು ಹಾಕ್ತಾರೆ."

ನಾನು ಕಾರೊಳಗೆ ಕೂತೆ, ಅವನು ಹಿಂದಿನಿಂದ ತಳ್ಳತೊಡಗಿದ. ಚಕ್ರ ಸುಮ್ಮನೆ ಸುತ್ತಿತು, ಕೆಸರು ಅವನ ಮುಖಕ್ಕೆ. ಇನ್ನು ಬಾಯಿಬಿಡದೆ ದಾರಿ ಇರಲಿಲ್ಲ. ನಿಲ್ಲು. ತಳ್ಳು. ಇನ್ನೊಂದು ಸಲ ತಳ್ಳು. ಥ್ಯಾಂಕ್ಸ್.

ಕಾರು ಮೇಲೆ ಬಂತು. ದಾರಿಯುದ್ದಕ್ಕೂ ಪದ ಎಣಿಸಿಕೊಂಡು ಬಂದೆ.

ಜನವರಿ 23, ಸೋಮವಾರ

ನಾನೇ ಹೋಗಿ ಹೇಳಿದೆ. ಕಾಲೇಜಿನ ಕ್ರೀಡಾ ನಿಯಮಗಳ ಕಚೇರಿಯಲ್ಲಿ ಮಿಸ್ ಹ್ಯಾಲೊರನ್ ಒಬ್ಬಳೇ. ಅದಕ್ಕೆಂದೇ ಫಾರಂ ಇದೆ.

"ಹಲೋ ಬಿಟ್ಟು ಎಷ್ಟು?"

"ಆರು."

"ಥ್ಯಾಂಕ್ಸ್ ಸೇರಿಸಿಯಾ?"

"ಸೇರಿಸಿ."

"ಛೆ. ಅದೊಂದನ್ನಾದ್ರೂ ನುಂಗ್ಬಹುದಿತ್ತು." ಆದರೂ ಬರೆದುಕೊಂಡಳು. ಹದಿನಾಲ್ಕು ದಿನ ಆ ಮನೆಯವರೊಂದಿಗೆ ಮಾತಿಲ್ಲ, ಫೋನಿಲ್ಲ, ಹಲೋ ಕೂಡ ಇಲ್ಲ. ಇವತ್ತು ಮಧ್ಯಾಹ್ನ ಹನ್ನೆರಡರಿಂದ ಲೆಕ್ಕ. ಕಾರಣ ವಿವರಿಸಿ ಅಜ್ಜಿಗೆ ಪತ್ರವೂ ಹೋಯಿತು.

ಸ್ಟ್ರೂಪ್ ಬೇಗಲ್ ಕೆಳಗಿಟ್ಟ. "ನಿನ್ನನ್ನ ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಹಂಗಾದ್ರೆ ನಿಂಗೇನು ಬಂದಿತ್ತು ಮಾರಾಯ?"

ಫಾರಂನ ಪ್ರತಿಯನ್ನು ಅವನ ಬೇಗಲ್ ಪಕ್ಕ ಇಟ್ಟು ಬಂದೆ.

ಫೆಬ್ರವರಿ 2

ಎದುರು ಪಾಳಯದ ಸುದ್ದಿ. ರೋಲ್ಯಾಂಡ್ ಫಿಟ್ಸ್ — ನದಿಯಾಚೆಯ ಕಾಲೇಜಿನ ಕೋಚ್, ಹಲ್ಲು ತುಂಬಾ ಚೆನ್ನಾಗಿದೆ — ಕ್ವಿನ್ಸಿಗೆ ದಿನಾ ಫೋನ್ ಮಾಡುತ್ತಿದ್ದಾನಂತೆ. ಮೊದಲ ವರ್ಷದಿಂದಲೇ ಆಡಿಸುತ್ತೇನೆ ಎಂದಿದ್ದಾನಂತೆ.

ನಮ್ಮಲ್ಲಾದರೆ ಮೊದಲ ವರ್ಷ ಬೆಂಚು, ಆಡದೆ ಕೂತು ನೋಡುವುದು. ಖಂಡಿತ ಬೆಂಚು. ಉಳಿದ ಗಾರ್ಡ್ ಅವನಿಗಿಂತ ಬಲಶಾಲಿ. ನಾನೂ ಗಾರ್ಡ್ ಆಗಿದ್ದೆ. ನಾಲ್ಕು ವರ್ಷದಲ್ಲಿ ಒಟ್ಟು ಐವತ್ತೊಂದು ನಿಮಿಷ ಆಡಿದೆ. ಬೆಂಚಿನ ಬಗ್ಗೆ ನನ್ನಷ್ಟು ತಿಳಿದವರು ಕಡಿಮೆ.

ನೆಗಡಿ. ಗಂಟಲು ಕೆರೆತ.

ಫೆಬ್ರವರಿ 4, ಶನಿವಾರ

ನಮ್ಮ ಜಿಮ್‌ನಲ್ಲೇ ಪಂದ್ಯ. ಮೊದಲರ್ಧ ಮುಗಿಯುವಾಗ ಬೆನ್ನ ಹಿಂದೆ ಗೊತ್ತಿರುವ ದನಿ. ಟಿಕೆಟ್ ಕೊಂಡು ಬಂದು ನಮ್ಮ ಬೆಂಚಿನ ಹಿಂದಿನ ಸಾಲಿನಲ್ಲೇ ಕೂತಿದ್ದಾರೆ. ತಿರುಗಲಿಲ್ಲ.

"ಕ್ವಿನ್ಸಿ, ನಾನು ನಿನ್ ಹತ್ರ ಮಾತಾಡ್ತಿದೀನಿ," ಅಜ್ಜಿ, ಇಡೀ ಸಾಲಿಗೆ ಕೇಳುವಂತೆ. "ಮುಂದೆ ಕೂತೋರ ಹತ್ರ ಅಲ್ಲ. ಅವ್ರು ಮಾತಾಡಂಗಿಲ್ಲ, ಪತ್ರ ಬಂದಿದೆ."

"ಅಜ್ಜಿ, ಸುಮ್ನಿರು, ಮಾನ ಹೋಗುತ್ತೆ."

"ಇಲ್ಲಿಗೆ ಬಂದ್ರೆ ಮೊದಲ್ನೇ ವರ್ಷ ಆಡ್ತೀಯೋ, ಬೆಂಚೋ? ಅದೊಂದು ಗೊತ್ತಾಗ್ಬೇಕು. ಆಡ್ತೀಯಾ ಅಂದ್ರೆ ಗೊತ್ತಿರೋರು ಒಂದ್ಸಲ ಕೆಮ್ಮಿದ್ರೆ ಸಾಕು. ಕೆಮ್ಮು ಮಾತಲ್ಲ."

ಎರಡು ದಿನದಿಂದ ಎದೆಯಲ್ಲಿ ಕೂತಿದ್ದ ಕೆಮ್ಮು ಆ ಕ್ಷಣಕ್ಕೇ ಎದ್ದು ಬಂತು.

ಇಪ್ಪತ್ತು ನಿಮಿಷದ ಎರಡನೇ ಅರ್ಧ. ಟವೆಲ್ ಕಚ್ಚಿದೆ. ನೀರು ಕುಡಿದೆ. ತೊಡೆ ಚಿವುಟಿಕೊಂಡೆ. ಒಂದು ಕೆಮ್ಮು — ನೌಕರಿ ಉಳಿಯುತ್ತಿತ್ತು. ನೆಗಡಿ ಎಂದರೆ ಹ್ಯಾಲೊರನ್ ಕೂಡ ನಂಬುತ್ತಿದ್ದಳು, ನಿಜವೂ ಹೌದು. ಕೆಮ್ಮಲಿಲ್ಲ. ಕಣ್ಣಿಂದ ಧಾರಾಕಾರ ನೀರು.

ಸ್ಟ್ರೂಪ್ ಬಗ್ಗಿ ನೋಡಿದ. "ಅಳ್ತಿದೀಯಾ? ಗೆಲ್ತಾ ಇದೀವಲ್ಲೋ."

ಹಿಂದಿನಿಂದ ನಿಟ್ಟುಸಿರು. "ಬೆಂಚು," ಅಂದಳು ಅಜ್ಜಿ. ಆಟ ಮುಗಿಯುವ ಮೊದಲೇ ಎದ್ದು ಹೋದರು. ಪಾರ್ಕಿಂಗ್‌ನಲ್ಲಿ ಕಾರಿನ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಕೆಮ್ಮಿದೆ.

ಫೆಬ್ರವರಿ 6, ಸೋಮವಾರ

ಬೆಳಿಗ್ಗೆ 11:46. ಹ್ಯಾಲೊರನ್ ಕಚೇರಿ. ಕೆಮ್ಮದೆ ಇದ್ದಿದ್ದೂ ಆ ಮನೆಯವರೊಂದಿಗೆ ಮಾತಾಡಿದ ಲೆಕ್ಕವೇ ಎಂದು ಕೇಳಲು ಬಂದೆ. ಅವಳು ಪುಸ್ತಕ ಎರಡು ಸಲ ತಿರುವಿದಳು. "ಇದಕ್ಕೆ ಫಾರಂ ಇಲ್ಲ ವೆಂಡೆಲ್. ಮನೆಗೆ ಹೋಗಿ ಮಲಗು."

11:51. ನನ್ನ ಫೋನ್. ಹಾರ್ಲನ್ ಕ್ರೀಕ್ ನಂಬರು. ಎತ್ತಲಿಲ್ಲ. ಅಜ್ಜಿ ಫೋನಿನಲ್ಲಿ ಸಂದೇಶ ಹೇಳಿಟ್ಟಿದ್ದಾಳೆ. ಕೇಳೋದು ಮಾತಾಡೋದಲ್ಲ, ಅಂದಳು ಹ್ಯಾಲೊರನ್. ಕೇಳಿದೆವು, ಇಬ್ಬರೂ.

"ಎತ್ತಲ್ಲ ಅಂತ ಗೊತ್ತು, ಅದಕ್ಕೇ ಈಗ್ಲೇ ಮಾಡ್ದೆ ಕೋಚಪ್ಪ. ಆ ಹಲ್ಲಿನ ಕೋಚ್‌ಗೆ ಕೆಮ್ಮು ಅಂದಿದ್ರೆ ರಕ್ತ ಬರೋವರ್ಗೂ ಕೆಮ್ಮಿರೋನು. ನಂಗೆ ಇಷ್ಟು ಸಾಕು. ಇವನಿಗೆ ಸಾಕೋ ಇಲ್ವೋ ಇವನೇ ಹೇಳ್ಲಿ. ಹನ್ನೆರಡಕ್ಕೆ ಮಾಡು."

11:58. ಗಂಟಲು ಮತ್ತೆ.

11:59. ಹ್ಯಾಲೊರನ್ ಕೆಮ್ಮಿನ ಮಿಠಾಯಿ ಹುಡುಕುತ್ತಿದ್ದಾಳೆ. ಡ್ರಾಯರಿನಲ್ಲಿ ಫಾರಂಗಳೇ.

12:00. ಫೋನು ಕಿವಿಗೆ, ಪೆನ್ನು ಕೈಯಲ್ಲಿ. ಕೈಗೆ ಏನಾದರೂ ಬೇಕು. ಕ್ವಿನ್ಸಿ ಎತ್ತಿದ. ಹಲೋ ಅಂದೆ. ನಿಂತೇ ಅಂದೆ.

"ಬೆಂಚ್ ಅಂದ್ರೆ ಸಾರ್... ಎಲ್ಲಿ? ಶನಿವಾರ ನಿಮ್ ಪಕ್ಕ ಒಂದು ಸೀಟ್ ಖಾಲಿ ಇತ್ತಲ್ಲ, ಅದಾ?"

ಹೌದು ಅನ್ನಬೇಕು. ಒಂದೇ ಪದ. ಬಾಯಿ ತೆರೆದರೆ ಕೆಮ್ಮು ಬರುತ್ತದೆ. ತೆರೆದೆ: ಮೊದಲು ಹೌದು, ಆಮೇಲೆ ಕೆಮ್ಮು.