ಒಲೆಯ ಕೆಮ್ಮಣ್ಣು

ಅಂಬೇವಾಡಿ, ದಾಂಡೇಲಿ
ಸೋಮವಾರ ಬೆಳಿಗ್ಗೆ

ಅವ್ವಾ, ಶರಣು.

ನಿನ್ನ ಫೋನು ಸದಾ ಸ್ಪೀಕರಿನಲ್ಲಿರುತ್ತದೆ. ಮನೆಮಂದಿಯೆಲ್ಲ ಕೇಳಿ ಶಿವಗಂಗಾಗೆ ನಾಚಿಕೆಯಾಗಬಾರದೆಂದು ನಮ್ಮೂರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಒಬ್ಬಳೇ ಕೂತು ಓದು.

ನಿನ್ನೆ ಊರಿಗೆ ಬಂದಾಗ ನಾನು ಒಲೆಯ ಬಣ್ಣ ಹೊಗಳಿದರೆ, ನೀನು "ಊರ ನೀರಿನ ಫಿಲ್ಟರ್ ತೊಳದು ಹೊರಗ ಚೆಲ್ಲಿದ ಕೆಮ್ಮಣ್ಣು ಮೆತ್ತೇನಿ. ಕುಂಕುಮ ಇದ್ದಂಗ ಐತಿ ನೋಡ" ಎಂದಿದ್ದೆ. ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೊಳೆಯಿತು. ಅದು ಮಣ್ಣಲ್ಲವ್ವ, ಕಬ್ಬಿಣದ ತುಕ್ಕು. ನಮ್ಮ ಬೋರಿನ ನೀರಿನಲ್ಲಿರುವ ಆರ್ಸೆನಿಕ್ ಎಂಬ ವಿಷ ಆ ತುಕ್ಕಿಗೆ ಅಂಟಿ ಉಳಿಯುವುದರಿಂದಲೇ ನಮಗೆ ಒಳ್ಳೆಯ ನೀರು ಸಿಗುತ್ತಿದೆ. ನೀರು ಬಿಟ್ಟು ಹೋದ ಆ ವಿಷ ನಿನ್ನ ಒಲೆಗೆ ಬಂದು ಕೂತಿದೆ.

ಒಲೆಯ ಮೂಲೆ ಮುರಿದಿತ್ತು. "ಎರಡು ಕಾಲಿನ ಇಲಿ ಕಡದೈತಿ" ಎಂದು ನಕ್ಕೆ ನೀನು. ಹೆರಿಗೆಗೆಂದು ತವರಿಗೆ ಬಂದಿರುವ ನಿನ್ನ ಮೊಮ್ಮಗಳು ಶಿವಗಂಗಾ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಇವತ್ತೇ ಒಲೆಯನ್ನು ನೀರಿನಲ್ಲಿ ನೆನೆಸಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ನೀನೇ ಕೆರೆದು ತೆಗೆ. ಅವಳಿಗೆ ಆ ಕೆಲಸ ಹೇಳಬೇಡ. ತೆಗೆದದ್ದನ್ನು ತಿಪ್ಪೆಗೆ ಹಾಕದೆ ಡಬ್ಬಿಯಲ್ಲಿ ಮುಚ್ಚಿಡು. ಅಡಿಗೆ ಗ್ಯಾಸಿನ ಮೇಲಾಗಲಿ. ನಾಳೆ ನಾನೇ ಬಂದು ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ಫಿಲ್ಟರ್ ನೋಡಿಕೊಳ್ಳುವವರಿಗೂ ಹೇಳುತ್ತೇನೆ.

ಅವಳನ್ನು ಬೈಯಬೇಡ. ಸಹನಾ ನನ್ನ ಹೊಟ್ಟೆಯಲ್ಲಿದ್ದಾಗ ಅದೇ ಮೂಲೆಯನ್ನು ನಾನೂ ಕದ್ದು ಮುರಿದು ತಿನ್ನುತ್ತಿದ್ದೆ. ನೀನು ಏನೂ ಕೇಳದೆ, ಮರುದಿನ ಅಲ್ಲಿಗೆ ಹೊಸ ಮಣ್ಣು ಮೆತ್ತಿರುತ್ತಿದ್ದೆ.

ಈ ಸಲ ಮೆತ್ತಬೇಡ ಅವ್ವಾ.

ನಿನ್ನ ಮಗಳು,
ಸುವರ್ಣಾ