ಉಗಾಂಡದಲ್ಲಿ ಚಿತ್ತೇಶನಿಗಿಟ್ಟ ಎಡೆ

ದಂಡಿನಶಿವರ
೧೧ ಫೆಬ್ರವರಿ ೨೦೨೫

ಪ್ರೀತಿಯ ನಾಗಕ್ಕನಿಗೆ,

ಮಂಡಿ ನೋವು ಹೆಂಗೈತೆ? ಹೊತ್ತಿಗೆ ಸರಿಯಾಗಿ ಉಣ್ತೀಯೋ, ಇಲ್ಲ ಈಗಲೂ ತಟ್ಟೆ ಮುಂದೆ ಇಟ್ಕೊಂಡು ಸುಮ್ಮನೆ ಕೂತಿರ್ತೀಯೋ? ವನಿತಾ, ಇದನ್ನ ನಿಮ್ಮಮ್ಮನಿಗೆ ನಿಧಾನಕ್ಕೆ ಓದಿ ಹೇಳವ್ವ, ನಡುವೆ ಏನನ್ನೂ ನುಂಗಬೇಡ. ನಾನು ಉಗಾಂಡದಿಂದ ಬಂದು ವಾರವಾಯ್ತು. ಕೆಂಕೆರೆಯಿಂದ ನಿಮ್ಮ ಫೋನು ಬಂದಾಗಲೆಲ್ಲ ತೆಂಗಿನ ಮರದ ಮೇಲಿದಾನೆ ಅಂತ ಮನೆಯೋಳ ಕೈಲಿ ಹೇಳಿಸಿದೆ. ಈ ವಯಸ್ಸಲ್ಲಿ ಯಾವನು ಮರ ಹತ್ತುತಾನೆ, ನಿನಗೂ ಗೊತ್ತಾಗಿರುತ್ತೆ ಬುಡು. ನಿನ್ನ ಮಗ ಚಿತ್ತೇಶನ ಎಡೆಯನ್ನ ಕಾಗೆ ಮುಟ್ಟಿತೋ ಇಲ್ಲವೋ, ನೀನು ಕೇಳೋದು ಅದೊಂದೇ. ಬಾಯಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೆ ಬರೀತಿದ್ದೀನಿ.

ತಿಪಟೂರಿನ ಸಭೆಯೋರು ಸುವಾರ್ತೆಗೆ ಅಂತ ಹೊರಟ ಗುಂಪಿನಲ್ಲಿ ಯೇಸುವನ್ನ ನಂಬದೋನು ನಾನೊಬ್ಬನೇ, ಜೋರು ಮಾತ್ರ ನಂದೇ. ಚಿತ್ತೇಶ ಸೇವೆ ಮಾಡಿದ ಊರು, ಮಣ್ಣಾದ ಊರು, ಮನೆಯೋರು ಒಬ್ಬರಾದರೂ ನೋಡಲಿ ಅಂತ ಪಾಸ್ಟರ್ ಪುನೀತ್ ನನ್ನನ್ನೂ ಕರ್ಕೊಂಡು ಹೋದ್ರು. ಅಲ್ಲಿಯೋರ ಚರ್ಚು ಅಂದ್ರೆ ದೊಡ್ಡ ಸರೋವರದ ಪಕ್ಕ ಒಂದು ತಗಡಿನ ಸೂರು. ಭಾನುವಾರ ಬೆಳಗ್ಗೆ ಶುರುವಾದ ಹಾಡು ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಡೋಲು ಬಡೀತಾರೆ, ಹೆಂಗಸರು ಕೂಸನ್ನ ಬೆನ್ನಿಗೆ ಕಟ್ಕೊಂಡೇ ಕುಣೀತಾರೆ. ಉರುಮೆ ಕೇಳಿ ಬೆಳೆದ ಕಾಲು ನಂದು, ಸುಮ್ಮನಿರುತ್ತಾ? ಕುಣಿದೆ. ಅವರ ಹುಡುಗರೇ ಸುಸ್ತಾಗಿ ಕೂತರು, ಬೇಕಾದ್ರೆ ಪಾಸ್ಟರನ್ನೇ ಕೇಳು. ಆಮೇಲೆ ಚಿತ್ತೇಶನ ಸೋದರಮಾವ ಮಾತಾಡಲಿ ಅಂದ್ರು. ಅವನು ಚಿಕ್ಕೋನಿದ್ದಾಗ ಕುರಿಮರಿಯನ್ನ ಸ್ಕೂಲಿಗೆ ಹೊತ್ಕೊಂಡೋಗಿ ಹಾಜರಿಯಲ್ಲಿ ಅದರ ಹೆಸರನ್ನೂ ಕೂಗಿ ಅಂತ ಮೇಷ್ಟ್ರ ಹತ್ರ ಹಟ ಮಾಡಿದ್ದು ಹೇಳಿದೆ. ಮೊದಲು ನಾನು ನಗ್ತೀನಿ, ಪುನೀತ್ ಅದನ್ನ ಇಂಗ್ಲಿಷಿಗೆ ತಿರುಗಿಸಿ ನಗ್ತಾರೆ, ಇನ್ನೊಬ್ಬ ಅವರ ಭಾಷೇಲಿ ಹೇಳಿದ ಮೇಲೆ ಸಭೆಯೆಲ್ಲ ನಗುತ್ತೆ. ಅಷ್ಟೊತ್ತಿಗೆ ನನಗೆ ನಗು ಮುಗಿದು ಅಳು ಬಂದಿತ್ತು. ನಕಾಟೊ ಅನ್ನೋ ಮುದುಕಿ ಬಂದು ನನ್ನ ಕೈ ಹಿಡ್ಕೊಂಡಳು. ಕೊನೆಗಾಲದ ಜ್ವರದಲ್ಲಿ ಚಿತ್ತೇಶನಿಗೆ ಗಂಜಿ ಕುಡಿಸಿದೋಳು ಅವಳೇ ಅಂತೆ. ನಿನ್ನಂಗೇ ಮೂಗು ಒರೆಸ್ಕೋತಾಳೆ, ಸೆರಗಿಲ್ಲ ಅಂತ ಕೈಯಲ್ಲೇ.

ಇನ್ನು ಎಡೆ ವಿಚಾರ. ಅವನು ದೀಕ್ಷಾಸ್ನಾನ ಮಾಡಿಸ್ಕೊಂಡು ಬಂದ ದಿನ ನೀನು ಅವನಿಗೆ, ನನ್ನ ಪಾಲಿಗೆ ಸತ್ತೆ ಕಣೋ ಅಂತ ಅಂದುಬಿಟ್ಟೆ, ಆ ಮಾತು ನಿನ್ನನ್ನ ತಿಂತಾ ಐತೆ. ಕಾಗೆ ಮುಟ್ಟಿದರೆ ಮಗನಿಗೆ ಸಿಟ್ಟಿಲ್ಲ ಅಂತ ತಿಳ್ಕೋತೀನಿ ಅಂತ ರಾಗಿಹಿಟ್ಟು, ಬೆಲ್ಲ, ಉಂಡೆ ಕೊಬ್ಬರಿ ಕಟ್ಟಿಕೊಟ್ಟೆ. ಸೋಮವಾರ ನಕಾಟೊ ಒಲೇಲಿ ಮುದ್ದೆ ತಿರುವಿ, ಬಾಳೆ ಎಲೆ ಕೊಯ್ದು, ಗೋರಿ ಮೇಲೆ ಇಟ್ಟೆ. ಪುನೀತ್ ಕಂಡೂ ಕಾಣದಂಗೆ ಬೈಬಲ್ ಹಿಡ್ಕೊಂಡು ಆ ಕಡೆ ಹೋದ್ರು. ಒಂದು ಹಕ್ಕಿ ಬಂತು. ಕತ್ತು, ಎದೆ ಬೆಳ್ಳಗೆ, ಬನೀನು ಹಾಕ್ಕೊಂಡಂಗೆ. ಯಾವುದೋ ಗಿಡುಗನ ಜಾತಿ, ಚಿತ್ತೇಶನ ಪಾಲು ಕೆಡಿಸುತ್ತೆ ಅಂತ ಕಲ್ಲು ಬೀರಿ ಓಡಿಸಿದೆ. ನನ್ನ ಗುರಿ ನಿನಗೆ ಗೊತ್ತಲ್ಲ. ರೆಕ್ಕೆಗೆ ತಗಲಿತು. ಆಮೇಲೆ ಕಾದೆ. ನಿಮ್ಮಮ್ಮ ಅಳ್ತಾವಳೆ ಬಾರೋ ಅಂದೆ, ವನಿತಾನ ನಾನು ನೋಡ್ಕೋತೀನಿ ಬಾರೋ ಅಂದೆ. ಏನೂ ಬರಲಿಲ್ಲ. ಬಿಸಿಲು ಇಳಿದಾಗ ನಕಾಟೊ ಬಂದು ಯಾರಿಗೆ ಕಾಯ್ತಿದ್ದೀಯ ಅಂತ ಸನ್ನೆ ಮಾಡಿದಳು. ಕಾ ಕಾ ಅಂತ ಕೂಗಿ ತೋರಿಸಿದೆ. ಅವಳು ನಕ್ಕು ಚರ್ಚಿನ ತಗಡಿನ ಕಡೆ ಬೊಟ್ಟು ಮಾಡಿದಳು. ಅದೇ ಬಿಳಿ ಎದೆಯ ಹಕ್ಕಿ. ಆ ದೇಶದ ಕಾಗೆ ಹಂಗೇ ಇರುತ್ತಂತೆ. ಕೈಮುಗಿದು ಕರೆದೆ. ನನ್ನನ್ನ ನೋಡ್ತು, ಹಾರಿಹೋಯ್ತು. ಕತ್ತಲಾಗೋ ಹೊತ್ತಿಗೆ ಎಲೆ ತುಂಬ ಇರುವೆ.

ವನಿತಾನಿಗೆ ನನ್ನ ಆಶೀರ್ವಾದ. ನಿನ್ನ ಪಾದಕ್ಕೆ ಇಲ್ಲಿಂದಲೇ ಕೈ ಮುಗೀತೀನಿ. ಬೈಯೋದಿದ್ದರೆ ಹೇಳಿಕಳಿಸು, ಬತ್ತೀನಿ.

ನಿನ್ನ ತಮ್ಮ
ಜುಂಜಪ್ಪ

ತಾ.ಕ.: ವನಿತಾ, ಇದನ್ನ ಜೋರಾಗಿ ಓದು, ಎರಡು ಸಲ ಓದು. ಅಕ್ಕ, ಆ ಕಾಗೆ ನಾನು ಕರೆಯೋ ಮೊದಲೇ ಬಂದಿತ್ತು ಕಣಕ್ಕ. ಎಲೆ ಇಟ್ಟ ಕೈ ನಾನಿನ್ನೂ ತೆಗೆದಿರಲಿಲ್ಲ, ನಿನ್ನ ಹೆಸರೂ ಹೇಳಿರಲಿಲ್ಲ, ಬಂದು ಪಕ್ಕದಲ್ಲೇ ನಿಂತಿತ್ತು. ಓಡಿಸಿದೋನು ನಾನು. ಅವನು ಬಂದಿದ್ದ.