ಹರಿಯಲೆಂದೇ ಬರೆದ ಬ್ಯಾನರ್

ಜುಲೈ 12, ಶನಿವಾರ. ಕೊಲಿಂಡೇಲ್.

ಇವತ್ತು ಮೈದಾನದಲ್ಲಿ ನನ್ನ ಮಾತಿಗೆ ನಾನೇ ತಪ್ಪಿದೆ. ಅದೇ ತಲೆಯಲ್ಲಿ ಸುತ್ತುತ್ತಿದೆ.

ಧ್ವಜ, ಲಾಂಛನಗಳೆಲ್ಲ ಮನುಷ್ಯರನ್ನು ಒಡೆಯುತ್ತವೆ ಎಂದು ವಾದಿಸುವ ನಾನೇ, ಗೆಳತಿ ಅಪೊಲಿನ್ ಆಡುವ ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ಬಿಗೆ ಮೂರು ಸಂಜೆ ಕೂತು ಕೆಂಪು ಕಾಗದದ ದೊಡ್ಡ ಬ್ಯಾನರ್ ಬರೆದೆ. ಇದು ಅವಳ ನೂರನೆಯ ಪಂದ್ಯ. ಆಟಗಾರರು ಬ್ಯಾನರನ್ನು ಹರಿದುಕೊಂಡೇ ಮೈದಾನಕ್ಕೆ ನುಗ್ಗುವುದು ಅವರ ಸಂಪ್ರದಾಯ. ಹರಿಯುತ್ತಾರೆ ಎಂಬ ಕಾರಣಕ್ಕೇ ನಾನು ಒಪ್ಪಿದ್ದು. ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಅವಳ ಹೆಸರು ಬರೆದಿದ್ದೆ.

ಗಾಳಿಗೆ ಅದು ಉಬ್ಬಿ ನಿಂತಾಗ ಬಿಸಿಲು ಕೆಂಪಾಗಿ ಎಲ್ಲರ ಮುಖದ ಮೇಲೂ ಹರಡಿತು. ಬ್ಯಾನರಿನ ಒಂದು ಬದಿಯ ಕೋಲು ಹಿಡಿದಿದ್ದ ನಾನು ಕೂಗಿಬಿಟ್ಟೆ: "ಅಪ್ಪೂ, ಪಕ್ಕದಿಂದ ಹೋಗೇ, ಪ್ಲೀಸ್!"

"ಎಂತ ಮಾರಾಯ್ತಿ, ಧ್ವಜ ಬೇಡ ಅಂತ ಭಾಷಣ ಬಿಗಿದವಳು ನೀನೇ ಅಲ್ವಾ?" ಎನ್ನುತ್ತ ನಗುತ್ತಲೇ ಓಡಿ ಬಂದಳು.

ನನ್ನ ಅಕ್ಷರಗಳ ನಡುವಿನಿಂದ ಮೊದಲು ಅವಳು, ಹಿಂದೆ ಇಡೀ ತಂಡ. ಕೆಂಪು ಚೂರುಗಳು ಬಹಳ ಹೊತ್ತು ನೆಲಕ್ಕೆ ಇಳಿಯಲೇ ಇಲ್ಲ.

ಒಂದು ಚೂರು ನನ್ನ ಕೂದಲಲ್ಲಿ ಸಿಕ್ಕಿಕೊಂಡು ಮನೆಯ ತನಕ ಬಂದಿದೆ. ಅದರ ಮೇಲೆ 'ಅ' ಅಕ್ಷರದ ಅರ್ಧ ಉಳಿದಿದೆ. ಧ್ವಜಗಳ ವಿರುದ್ಧ ನಾನು ಹಂಚುವ ಕರಪತ್ರದೊಳಗೇ ಅದನ್ನು ಇಟ್ಟೆ. ಇದು ಧ್ವಜವಲ್ಲ, ಬರೀ ಕಾಗದ. ಆದರೂ ಕರಪತ್ರವನ್ನು, ಚೂರಿಗೆ ಮಡಿಕೆ ಬೀಳದ ಹಾಗೆ, ನಿಧಾನವಾಗಿ ಮುಚ್ಚಿದೆ.